ಬೆಳಕಿನ ಲೆಕ್ಕ ಕಲಿತ ಬಗೆ

ಹೊಸದಾಗಿ ಕ್ಯಾಮೆರಾ ಕೊಂಡವರು ನೊಣವಿನಕೆರೆಯ ತೆಂಗಿನ ತೋಟದಲ್ಲಿ ಪಾಠ ಶುರುಮಾಡಬಾರದು. ಅಥವಾ ಅಲ್ಲೇ ಶುರುಮಾಡಬೇಕು. ಎರಡನ್ನೂ ವಾದಿಸಬಹುದು. ತಿಪಟೂರಿನಿಂದ ತುರುವೇಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ಎತ್ತ ನೋಡಿದರೂ ತೋಟ. ಒಳಗೆ ಕಾಲಿಟ್ಟರೆ ನೆಲದ ಮೇಲೆ ಬಿಸಿಲಿನ ಚುಕ್ಕೆ, ಚುಕ್ಕೆಯ ಪಕ್ಕದಲ್ಲೇ ಕಡುನೆರಳು, ಗರಿಗಳ ಸಂದಿಯಲ್ಲಿ ಕಣ್ಣು ಕುಕ್ಕುವ ಆಕಾಶ. ತೋಟದ ಯಜಮಾನರನ್ನು ಮರಕ್ಕೆ ಒರಗಿಸಿ ನಿಲ್ಲಿಸಿ ಕ್ಲಿಕ್ ಮಾಡಿದರೆ ಒಂದೋ ಮುಖ ಮಸಿಯಾಗುತ್ತದೆ, ಇಲ್ಲವೇ ಆಕಾಶ ಸುಣ್ಣವಾಗುತ್ತದೆ. ಎರಡೂ ಸರಿಯಾಗಿ ಬರುವ ಒಂದು ಲೆಕ್ಕ ಬಹಳ ಸಲ ಇರುವುದೇ ಇಲ್ಲ. ಯಾವುದನ್ನು ಬಿಟ್ಟುಕೊಡಬೇಕು ಎಂದು ತೀರ್ಮಾನಿಸುವುದೇ ಎಕ್ಸ್‌ಪೋಶರಿನ, ಅಂದರೆ ಬೆಳಕಿನ ಲೆಕ್ಕದ, ಮೊದಲ ಪಾಠ.

ಎರಡನೆಯ ಪಾಠವೂ ಅದೇ ನೆಲದ ಮೇಲಿದೆ. ಗರಿಯ ಸಂದಿ ಸೊಟ್ಟಗಿರಲಿ ಉದ್ದಗಿರಲಿ, ಎತ್ತರದಿಂದ ಬಿದ್ದ ಬಿಸಿಲಿನ ಚುಕ್ಕೆ ಮಾತ್ರ ಗುಂಡಗೇ ಇರುತ್ತದೆ. ಅದು ಸಂದಿಯ ಆಕಾರವಲ್ಲ, ಸೂರ್ಯನ ಬಿಂಬ. 2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣವಾದಾಗ ದಕ್ಷಿಣ ಕರ್ನಾಟಕದಲ್ಲಿ ಮೋಡವಿಲ್ಲದ ಕಡೆಯೆಲ್ಲ ಮರದಡಿಯ ಈ ಚುಕ್ಕೆಗಳು ಬಿದಿಗೆ ಚಂದ್ರನ ಆಕಾರಕ್ಕೆ ತಿರುಗಿದ್ದವು. ಸಂದಿ ಕಿರಿದಾದಷ್ಟೂ ಬಿಂಬದ ಅಂಚು ಖಚಿತ, ಆದರೆ ಬೆಳಕು ಕಡಿಮೆ. ಸಂದಿ ಅಗಲವಾದರೆ ಬೆಳಕು ಹೆಚ್ಚು, ಅಂಚು ಕಲಸಿಹೋಗುತ್ತದೆ. ಕ್ಯಾಮೆರಾದ ಅಪರ್ಚರ್ ಮಾಡುವ ಬೆಳಕಿನ ಚೌಕಾಸಿಯೂ ಹೆಚ್ಚುಕಡಿಮೆ ಇದೇ. ಅದರ ಜೊತೆಗೆ ಶಟರ್ ಎಷ್ಟು ಹೊತ್ತು ತೆರೆದಿರಬೇಕು, ಒಳಗಿನ ಫಿಲ್ಮು ಅಥವಾ ಸೆನ್ಸರ್ ಬೆಳಕಿಗೆ ಎಷ್ಟು ಬೇಗ ಓಗೊಡುತ್ತದೆ ಎಂಬ ಎರಡು ವಿಷಯ ಸೇರಿದರೆ ಲೆಕ್ಕ ಪೂರ್ತಿ. ಮೂರರಲ್ಲಿ ಒಂದನ್ನು ಹೆಚ್ಚಿಸಿದರೆ ಇನ್ನೊಂದನ್ನು ಇಳಿಸಬೇಕು. ಹೇಳುವುದಕ್ಕೆ ಒಂದು ನಿಮಿಷ ಸಾಕು. ಕಲಿಯುವುದಕ್ಕೆ ಕರ್ನಾಟಕ ನೂರೈವತ್ತು ವರ್ಷ ತೆಗೆದುಕೊಂಡಿದೆ.

ಈ ವಿದ್ಯೆಯ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯಾಗಿ ಬರೆಯುತ್ತಾರೆ: ಆ ವರ್ಷ ಆ ಕ್ಯಾಮೆರಾ ಬಂತು, ಈ ವರ್ಷ ಈ ಫಿಲ್ಮು ಬಂತು ಎಂದು. ಕಲಿಯುವವರ ಕಡೆಯಿಂದ ನೋಡಿದರೆ ಕೇಳಬೇಕಾದ ಪ್ರಶ್ನೆ ಬೇರೆ. ತಪ್ಪು ಮಾಡಿದವರಿಗೆ ಅದು ತಪ್ಪು ಎಂದು ಗೊತ್ತಾಗಲು ಎಷ್ಟು ಹೊತ್ತು ಹಿಡಿಯುತ್ತಿತ್ತು?

ತಿಪಟೂರು, ಅರಸೀಕೆರೆ ದಾಟಿ ಮುಂದೆ ಹೋದರೆ ಹಳೇಬೀಡು. 1854ರ ಡಿಸೆಂಬರಿನಲ್ಲಿ ಮದ್ರಾಸ್ ಸೇನೆಯ ಕ್ಯಾಪ್ಟನ್ ಲಿನೇಯಸ್ ಟ್ರೈಪ್ ಮತ್ತು ಸೇನಾ ವೈದ್ಯ ಆಂಡ್ರ್ಯೂ ನೀಲ್ ಅಲ್ಲಿಗೂ ಬೇಲೂರಿಗೂ ಬಂದು ದೇವಾಲಯಗಳ ಚಿತ್ರ ತೆಗೆದರು. ಪ್ಯಾರಿಸಿನಲ್ಲಿ ಡಗೇರ್ ಎಂಬವನ ಫೋಟೊ ವಿಧಾನ ಬಹಿರಂಗವಾಗಿ ಆಗಿನ್ನೂ ಹದಿನೈದು ವರ್ಷ. ಗಾಜಿನ ಮೇಲೆ ಕೊಲೋಡಿಯನ್ ಲೇಪಿಸುವ ಹೊಸ ಪದ್ಧತಿ 1851ರಲ್ಲೇ ಬಂದಿತ್ತಾದರೂ, ಲೇಪ ಒಣಗುವುದರೊಳಗೆ ಚಿತ್ರ ತೆಗೆದು ಅಲ್ಲೇ ತೊಳೆದು ಮುಗಿಸಬೇಕು. ನಮ್ಮ ಸೆಕೆಯಲ್ಲಿ ಅದು ಕಷ್ಟ. ಆದ್ದರಿಂದ ಟ್ರೈಪ್ ನೆಚ್ಚಿಕೊಂಡದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಅದನ್ನು ಮುಂಚಿತವಾಗಿ ಸಿದ್ಧಮಾಡಿಟ್ಟುಕೊಂಡು ಹೋಗಬಹುದು, ಬಿಡುವಾದಾಗ ಡೆವಲಪ್ ಮಾಡಬಹುದು. ಬೆಲೆ ಮಾತ್ರ ಕಾಲದಲ್ಲಿ ತೆರಬೇಕು: ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಎಕ್ಸ್‌ಪೋಶರ್, ಆಮೇಲೆ ಡೆವಲಪರಿನಲ್ಲಿ ಗಂಟೆಗಟ್ಟಲೆ. ಲೆಕ್ಕ ತಪ್ಪಿದೆ ಎಂದು ತಿಳಿಯುವ ಹೊತ್ತಿಗೆ ಬಿಡಾರ ಮುಂದಿನ ಊರಿನಲ್ಲಿರಬಹುದಿತ್ತು.

ಇಷ್ಟಲ್ಲದೆ ಇನ್ನೊಂದು ತೊಡಕಿತ್ತು. ಆ ಕಾಲದ ಬೆಳ್ಳಿ ಲವಣಗಳಿಗೆ ನೀಲಿ ಬಣ್ಣವೆಂದರೆ ಪ್ರಾಣ, ಹಸಿರು ಅಷ್ಟಕ್ಕಷ್ಟೆ, ಕೆಂಪು ಕಾಣಿಸುವುದೇ ಇಲ್ಲ. ಮರಕ್ಕೆ ಸಾಕಾಗುವಷ್ಟು ಎಕ್ಸ್‌ಪೋಶರ್ ಕೊಟ್ಟರೆ ಆಕಾಶ ಪೂರ್ತಿ ಬೆಳ್ಳಗೆ ಬರುತ್ತಿತ್ತು, ಆಕಾಶ ಉಳಿಸಿಕೊಂಡರೆ ಮರ ಇದ್ದಿಲಾಗುತ್ತಿತ್ತು. ಟ್ರೈಪ್ ಇದಕ್ಕೆ ಕಂಡುಕೊಂಡ ಉಪಾಯ ಸ್ವಾರಸ್ಯದ್ದು. ತನ್ನ ಹಲವು ನೆಗೆಟಿವ್‌ಗಳ ಖಾಲಿ ಆಕಾಶದಲ್ಲಿ ಬಣ್ಣದಿಂದ ಮೋಡಗಳನ್ನು ಬಿಡಿಸಿಬಿಡುತ್ತಿದ್ದ. ಫೋಟೊ ಸುಳ್ಳು ಹೇಳತೊಡಗಿದ್ದು ಕಂಪ್ಯೂಟರ್ ಬಂದ ಮೇಲೆ ಎಂದು ನಂಬಿದವರು ಇದನ್ನು ನೆನಪಿಡಬೇಕು. ಹಳೇಬೀಡು, ಬೇಲೂರುಗಳ ಆ ಚಿತ್ರಗಳನ್ನು 1855ರ ಮದ್ರಾಸ್ ವಸ್ತುಪ್ರದರ್ಶನದಲ್ಲಿ ಇಟ್ಟಾಗ ಟ್ರೈಪ್‌ಗೆ ಪದಕವೂ ಬಂತು. ನೀಲ್ ಮತ್ತು ಪಿಗೌ, ಬಿಗ್ಸ್ ಎಂಬ ಇನ್ನಿಬ್ಬರು ತೆಗೆದ ಧಾರವಾಡ, ಮೈಸೂರು ಸೀಮೆಯ ವಾಸ್ತುಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದಪ್ಪ ಪುಸ್ತಕವಾಗಿ ಹೊರಬಂದವು. ಹಂಪಿಯಲ್ಲಿ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಕಾಗದದ ನೆಗೆಟಿವ್‌ಗಳಂತೂ ಒಂದು ಶತಮಾನಕ್ಕೂ ಹೆಚ್ಚು ಕಾಲ ಮರೆಯಾಗಿದ್ದು ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಅವೇ ಕೋನಗಳಿಂದ ಮತ್ತೆ ಚಿತ್ರ ತೆಗೆದರು.

ಹೊಯ್ಸಳ ಗುಡಿಯ ಕಲ್ಲು ಈ ಲೆಕ್ಕದಲ್ಲಿ ಯಾವಾಗಲೂ ತಕರಾರಿನದೇ. ನೊಣವಿನಕೆರೆಗೆ ಹತ್ತಿರದ ವಿಘ್ನಸಂತೆಯಲ್ಲಿ 1286ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಮೂರನೆಯ ನರಸಿಂಹನ ದಂಡನಾಯಕರಾಗಿದ್ದ ಅಪ್ಪಯ್ಯ, ಗೋಪಾಲ, ಮಾಧವ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ್ದು. ತುರುವೇಕೆರೆಯಲ್ಲಿ ಚೆನ್ನಿಗರಾಯನ ಗುಡಿ, ಅರಳಗುಪ್ಪೆಯಲ್ಲಿ ಚನ್ನಕೇಶವ ದೇವಾಲಯ. ಅದೇ ಅರಳಗುಪ್ಪೆಯ ಕಲ್ಲೇಶ್ವರ ಇನ್ನೂ ಹಳೆಯದು, ಒಂಬತ್ತನೆಯ ಶತಮಾನದ್ದು. ಅದರ ಚಾವಣಿಯಲ್ಲಿ ಕುಣಿಯುವ ಶಿವನೂ ಸುತ್ತ ಅಷ್ಟದಿಕ್ಪಾಲಕರೂ ಇದ್ದಾರೆ. ಅಲ್ಲಿಗೆ ಬಾಗಿಲಿನಿಂದ ಬರುವ ಬೆಳಕು ನೆಲಕ್ಕೆ ತಾಗಿ ಮೇಲೇರಿದಷ್ಟೇ. ಹೊಯ್ಸಳ ಗುಡಿಗಳ ಹೊರಗೋಡೆಯ ಬಳಪದ ಕಲ್ಲು ಬೂದು ಮಿಶ್ರಿತ ಕಪ್ಪು, ಉಳಿಯ ಗೆರೆಗಳು ಆಳ, ಮಧ್ಯಾಹ್ನದ ಹೊತ್ತು ಪ್ರತಿಯೊಂದು ಆಭರಣದ ಕೆಳಗೂ ಒಂದು ಕಪ್ಪು ಕುಳಿ. ಮೈಸೂರು ಪುರಾತತ್ವ ಇಲಾಖೆಗೆ 1906ರಿಂದ 1922ರವರೆಗೆ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರ ವಾರ್ಷಿಕ ವರದಿಗಳನ್ನು ತಿರುವಿದರೆ ಗುಡಿಗಳ ಫೋಟೊಗಳಿಗೆ ಕೊಟ್ಟ ಮಹತ್ವ ಕಾಣುತ್ತದೆ. ಶಾಸನವನ್ನು ಅಚ್ಚು ತೆಗೆದುಕೊಳ್ಳಬಹುದು. ಚಾವಣಿಯ ನಟರಾಜನಿಗೆ ಫೋಟೊ ಒಂದೇ ಗತಿ.

ಒಣ ಜೆಲಟಿನ್ ಫಲಕ 1870ರ ದಶಕದಲ್ಲಿ ಬಂದ ಮೇಲೆ ವೃತ್ತಿ ಊರೂರಿಗೆ ಹರಡಿತು. ಬೆಂಗಳೂರಿನ ಜಿ.ಕೆ. ವೇಲ್ ಸ್ಟುಡಿಯೊ 1910ರದ್ದು. ರೈಲು ಹಾದಿಯ ಊರುಗಳಿಗೆ ಸ್ಟುಡಿಯೊಗಳು ಆಮೇಲೆ ನಿಧಾನವಾಗಿ ಬಂದವು. ಹಳೆಯ ಸ್ಟುಡಿಯೊದ ರೀತಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಉತ್ತರಕ್ಕೆ ಗಾಜಿನ ಕಿಟಕಿ, ಏಕೆಂದರೆ ವರ್ಷದ ಬಹುಕಾಲ ಅಲ್ಲಿಂದ ನೇರ ಬಿಸಿಲು ಬೀಳುವುದಿಲ್ಲ, ಬೆಳಕು ಹೊತ್ತಿಂದ ಹೊತ್ತಿಗೆ ಅಷ್ಟಾಗಿ ಬದಲಾಗುವುದಿಲ್ಲ. ಮುಕ್ಕಾಲಿಯ ಮೇಲೆ ಮರದ ಕ್ಯಾಮೆರಾ, ಹಿಂದೆ ಕಪ್ಪು ಬಟ್ಟೆ. ಲೆನ್ಸಿನ ಟೋಪಿಯೇ ಶಟರ್. ಟೋಪಿ ತೆಗೆದು, ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ, ಮತ್ತೆ ಮುಚ್ಚುವುದು. ಎಷ್ಟು ಎಣಿಸಬೇಕೆಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮೋಡ ಹಾದರೆ ಎಣಿಕೆ ಒಂದು ಹೆಚ್ಚು, ಮದುವಣಗಿತ್ತಿ ಗಾಢ ಬಣ್ಣದ ಸೀರೆ ಉಟ್ಟಿದ್ದರೆ ಇನ್ನೊಂದು ಹೆಚ್ಚು. ಶಿಷ್ಯನಾದವನು ವರ್ಷಗಟ್ಟಲೆ ಫಲಕ ತೊಳೆದು, ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಮೊಡವೆ ಅಳಿಸಿ, ಆಮೇಲೆ ಟೋಪಿಗೆ ಕೈ ಹಾಕುತ್ತಿದ್ದ.

ಕೆಂಪು ಬೆಳಕು ತಾಗದ ಆರ್ಥೋ ಫಲಕಗಳ ಕಾಲದಲ್ಲಿ ಒಂದು ಅನುಕೂಲವಿತ್ತು. ಡಾರ್ಕ್ ರೂಮಿನ ಕೆಂಪು ದೀಪದಡಿ ನೆಗೆಟಿವ್ ಮೂಡುವುದನ್ನು ಕಣ್ಣಾರೆ ನೋಡಬಹುದಿತ್ತು, ಎಕ್ಸ್‌ಪೋಶರ್ ಕಡಿಮೆಯಾಗಿದ್ದರೆ ಡೆವಲಪರಿನಲ್ಲಿ ಇನ್ನಷ್ಟು ಹೊತ್ತು ಬಿಟ್ಟು ಸ್ವಲ್ಪ ಸರಿಮಾಡಿಕೊಳ್ಳಬಹುದಿತ್ತು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾನ್‌ಕ್ರೋಮ್ಯಾಟಿಕ್ ಫಿಲ್ಮು ಬಂದಾಗ ಆ ಸೌಕರ್ಯ ಹೋಯಿತು. ಇನ್ನು ಕತ್ತಲಲ್ಲಿ ಗಡಿಯಾರ ಮತ್ತು ಥರ್ಮಾಮೀಟರನ್ನು ನಂಬಿ ಕೆಲಸ. ಫಿಲ್ಮಿನ ಚೀಟಿ 20 ಡಿಗ್ರಿ ಎಂದರೆ ಏಪ್ರಿಲ್ ತಿಂಗಳ ನಮ್ಮ ತೊಟ್ಟಿ ನೀರು ಕೇಳುತ್ತದೆಯೇ? ನೀರು ಬೆಚ್ಚಗಾದರೆ ಜೆಲಟಿನ್ ಉಬ್ಬಿ ಮೆತ್ತಗಾಗಿ ಅಂಚಿನಲ್ಲಿ ಕಿತ್ತು ಬರುತ್ತದೆ. ಬೇಸಿಗೆಯಲ್ಲಿ ಐಸು ತರಿಸಿಕೊಳ್ಳುವುದು ಅಥವಾ ತಣ್ಣಗಿನ ಹೊತ್ತು ನೋಡಿ ತೊಳೆಯುವುದು ಸ್ಟುಡಿಯೊ ಕಸುಬಿನ ಭಾಗವೇ ಆಗಿತ್ತು.

ತೆಂಗಿನ ಸೀಮೆಯವರಿಗೆ ಈ ಕಾಯುವಿಕೆ ಹೊಸದಲ್ಲ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಇರುತ್ತದೆ. ಒಳಗಿನ ನೀರು ಆರಿ, ಉಂಡೆ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಸದ್ದು ಬರಬೇಕು. ಒಡೆದು ನೋಡುವಂತಿಲ್ಲ, ಒಡೆದರೆ ಕೆಟ್ಟಿತು. ಕ್ಯಾಮೆರಾದೊಳಗಿನ ರೀಲಿನದ್ದೂ ಅದೇ ಗತಿ. ಒಂದೇ ವ್ಯತ್ಯಾಸವೆಂದರೆ ರೀಲು ಅಲ್ಲಾಡಿಸಿದರೆ ಏನೂ ಹೇಳುವುದಿಲ್ಲ.

ಹಾಗಾಗಿಯೇ ಜನ ಬೆಳಕನ್ನು ಮುಂಚೆಯೇ ಅಳೆಯುವ ದಾರಿ ಹುಡುಕಿದರು. ಇಂಗ್ಲೆಂಡಿನಲ್ಲಿ 1890ರ ಸುಮಾರಿಗೆ ವಾಟ್ಕಿನ್ಸ್ ಎಂಬವನು ಜೇಬಿನ ಮೀಟರ್ ಮಾಡಿದ. ಅದರಲ್ಲಿದ್ದ ಕಾಗದದ ಚೂರು ಬೆಳಕಿಗೆ ಕಪ್ಪಾಗಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಿ ಲೆಕ್ಕ ಹಾಕುವುದು. ಬರೋಸ್ ವೆಲ್ಕಮ್ ಎಂಬ ಔಷಧ ಕಂಪನಿ ಫೋಟೊಗ್ರಾಫರುಗಳಿಗೆಂದೇ ಪುಟ್ಟ ಡೈರಿ ಹೊರಡಿಸುತ್ತಿತ್ತು. ತಿಂಗಳು, ಹೊತ್ತು, ಮೋಡ ನೋಡಿ ಎಕ್ಸ್‌ಪೋಶರ್ ಹೇಳುವ ಕೋಷ್ಟಕ ಅದರಲ್ಲಿರುತ್ತಿತ್ತು. ಉಷ್ಣವಲಯಕ್ಕೆ ಬೇರೆ ಅಂಕಿಗಳು ಬೇಕೇಬೇಕಾಗಿತ್ತು. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಯ ನಡುಹಗಲಿಗೆ ಸೂರ್ಯ ದಿಗಂತದಿಂದ ಏರುವುದು ಸುಮಾರು 15 ಡಿಗ್ರಿ. ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವ ನೊಣವಿನಕೆರೆಯಲ್ಲಿ ಅದೇ ದಿನ 53 ಡಿಗ್ರಿ. ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗೇ ಬರುತ್ತಾನೆ. ಆಗ ಹೊರಗೆ ನಿಲ್ಲಿಸಿ ಫೋಟೊ ತೆಗೆದರೆ ಹುಬ್ಬಿನ ನೆರಳಿನಲ್ಲಿ ಕಣ್ಣು ಮುಳುಗಿಹೋಗುತ್ತದೆ. ಯಾವ ಮೀಟರೂ ಅದನ್ನು ಸರಿಪಡಿಸದು.

ದೇಶದಲ್ಲಿ ಈ ಲೆಕ್ಕವನ್ನು ಸಿನಿಮಾದವರಿಗೆ ಶಾಲೆಯಲ್ಲಿ ಕೂರಿಸಿ ಕಲಿಸಿದ ಮೊದಲಿಗರಲ್ಲಿ ಮೈಸೂರು ಸಂಸ್ಥಾನವೂ ಒಂದು. ಭದ್ರಾವತಿ ಕಬ್ಬಿಣದ ಕಾರ್ಖಾನೆಯಿಂದ ತಮಗೆ ಸಲ್ಲಬೇಕಿದ್ದ ಹಣವನ್ನು ಸರ್ ಎಂ. ವಿಶ್ವೇಶ್ವರಯ್ಯ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅದು ಮುಂದೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂದು ಹೆಸರಾಯಿತು. ಅಲ್ಲಿ ಸಿನಿಮಾ ಛಾಯಾಗ್ರಹಣದ ಡಿಪ್ಲೊಮಾ ಇತ್ತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1960ರಲ್ಲಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಇದರ ತೂಕ ಗೊತ್ತಾಗುತ್ತದೆ. ಮೈಸೂರಿನ ವಿ.ಕೆ. ಮೂರ್ತಿ 1946ರಲ್ಲಿ ಇಲ್ಲಿಂದ ಹೊರಬಿದ್ದವರು. ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಖಾಲಿ ಸ್ಟುಡಿಯೊದ ದೃಶ್ಯದಲ್ಲಿ ಮೇಲಿನಿಂದ ಇಳಿಯುವ ಬೆಳಕಿನ ಕೋಲನ್ನು ಮೂರ್ತಿ ದೀಪದಿಂದ ಮಾಡಲಿಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಲ್ಲಿ ಹಿಡಿದು ಒಳಕ್ಕೆ ತಿರುಗಿಸಿದರು. ಸುತ್ತಲಿನ ಕತ್ತಲು ಕತ್ತಲಾಗಿಯೇ ಉಳಿಯುವಂತೆ, ಕೋಲು ಮಾತ್ರ ಬೆಳಗುವಂತೆ ಎಕ್ಸ್‌ಪೋಶರ್ ಇಟ್ಟರು. ತೆಂಗಿನ ತೋಟದ ನೆರಳು ಬಿಸಿಲಿನ ತಕರಾರನ್ನು ತೊಡಕೆಂದು ಭಾವಿಸದೆ ಬಂಡವಾಳ ಮಾಡಿಕೊಂಡ ಕೆಲಸ ಅದು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಗೋವಿಂದ ನಿಹಲಾನಿಯವರೂ ಇದೇ ಪಾಲಿಟೆಕ್ನಿಕ್‌ನ ವಿದ್ಯಾರ್ಥಿ. ಆ ಕೋರ್ಸಿನ ಪರಂಪರೆ ಈಗ ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿದೆ.

ಪಾಲಿಟೆಕ್ನಿಕ್ ಸೇರಲಾಗದವರಿಗೆ ಸಂಘಗಳಿದ್ದವು. ಬೆಂಗಳೂರಿನ ಡಾ. ಜಿ. ಥಾಮಸ್ 1953ರಲ್ಲಿ ಹುಟ್ಟಿದ ಭಾರತೀಯ ಛಾಯಾಗ್ರಹಣ ಒಕ್ಕೂಟದ ಹಿಂದಿನ ಶಕ್ತಿ. 1971ರಲ್ಲಿ ಯೂತ್ ಫೊಟೊಗ್ರಾಫಿಕ್ ಸೊಸೈಟಿ ಬಂತು. ಇಂಥ ಕಡೆ ಸದಸ್ಯರು ತಂದ ಪ್ರಿಂಟುಗಳನ್ನು ಎಲ್ಲರೆದುರಿಗೆ ಇಟ್ಟು ಹಿರಿಯರು ಗುಣದೋಷ ಹೇಳುತ್ತಿದ್ದರು. ವನ್ಯಜೀವಿಗಳ ಹಿಂದೆ ಬಿದ್ದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಇದೇ ನಗರದವರು. ಸಂಡೂರಿನ ಎಂ.ವೈ. ಘೋರ್ಪಡೆ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದವರು. ಕಾಡಿನ ಚಿತ್ರಗಳ ತಮ್ಮ ಪುಸ್ತಕಕ್ಕೆ ಅವರು ಇಟ್ಟ ಹೆಸರೇ ಬಿಸಿಲು ಮತ್ತು ನೆರಳಿನದು. ಮೈಸೂರಿನ ಟಿ.ಎಸ್. ಸತ್ಯನ್ ಬೇರೆ ದಾರಿಯವರು. ಪತ್ರಿಕಾ ಛಾಯಾಗ್ರಾಹಕರಾಗಿ ದೇಶ ಸುತ್ತಿದ ಅವರು ಸಹಜ ಬೆಳಕನ್ನೇ ನೆಚ್ಚಿದರು. ಕಿಟಕಿಯ ಪಕ್ಕದ ಮಗು, ಜಗಲಿಯ ಮೇಲಿನ ಮುದುಕಿ, ಇವರ ಮುಖದ ಮೇಲೆ ಇದ್ದ ಬೆಳಕೇ ಸಾಕೆಂದರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು.

ಇದೆಲ್ಲ ದೊಡ್ಡವರ ಮಾತು. ಹಳ್ಳಿ ಮನೆಗಳಿಗೆ ಕ್ಯಾಮೆರಾ ಬಂದದ್ದು ಆಗ್ಫಾ ಕ್ಲಿಕ್ 3ರ ರೂಪದಲ್ಲಿ. ಬರೋಡದಲ್ಲಿ ತಯಾರಾಗುತ್ತಿದ್ದ ಈ ಪೆಟ್ಟಿಗೆಯಲ್ಲಿ ಅಂಕಿಗಳ ಗೋಜೇ ಇರಲಿಲ್ಲ. ಬಿಸಿಲು, ಮೋಡ ಎಂಬ ಗುರುತು ನೋಡಿಕೊಂಡು ಒತ್ತುವುದಷ್ಟೆ. ಒಂದು 120 ರೀಲಿಗೆ ಹನ್ನೆರಡು ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 1960ರ ದಶಕದ ಕೊನೆಗೆ ‘ಇಂದು’ ಫಿಲ್ಮು ಹೊರತಂದಿತು. ಪೂರ್ವ ಜರ್ಮನಿಯ ಓರ್ವೊ ಕೂಡ ಸಿಗುತ್ತಿತ್ತು. ರೀಲಿನ ಪೆಟ್ಟಿಗೆಯೊಳಗೆ ಒಂದು ಚೀಟಿ, ಅದರಲ್ಲಿ ಪುಟ್ಟ ಸೂರ್ಯ, ಪುಟ್ಟ ಮೋಡ, ಅದರೆದುರು ಅಪರ್ಚರ್ ಅಂಕಿ. ಅನೇಕರಿಗೆ ಎಕ್ಸ್‌ಪೋಶರಿನ ಪಠ್ಯಪುಸ್ತಕವೆಂದರೆ ಆ ಚೀಟಿಯೊಂದೇ. ಅದರ ತಿರುಳು ಇಂದಿಗೂ ಕೆಡದ ಒಂದು ಸೂತ್ರ: ಬಿರುಬಿಸಿಲಿಗೆ ಎಫ್ 16, ಶಟರ್ ಫಿಲ್ಮಿನ ವೇಗಕ್ಕೆ ಸಮ, ಅಂದರೆ 100ರ ಫಿಲ್ಮಿಗೆ ಸೆಕೆಂಡಿನ ನೂರನೇ ಒಂದು ಅಥವಾ ಅದಕ್ಕೆ ಹತ್ತಿರದ 125. ತೆಳು ಮೋಡವಾದರೆ ಎಫ್ 11, ಮೋಡ ಕವಿದಿದ್ದರೆ ಎಫ್ 8, ಮನೆಯ ಮುಂದಿನ ನೆರಳಿಗೆ ಎಫ್ 5.6 ಇಲ್ಲವೇ 4. ಒಂದೊಂದು ಮೆಟ್ಟಿಲು, ಅಂದರೆ ಒಂದೊಂದು ಸ್ಟಾಪ್, ಇಳಿದಾಗಲೂ ಬೆಳಕು ಇಮ್ಮಡಿ.

ಸ್ಟುಡಿಯೊದವರು ಇದರ ಮೇಲೆ ತಮ್ಮದೊಂದು ಮಾತು ಸೇರಿಸುತ್ತಿದ್ದರು: ಅನುಮಾನ ಬಂದರೆ ಸ್ವಲ್ಪ ಓವರ್ ಕೊಡು, ಅಂಡರ್ ಮಾತ್ರ ಆಗಬಾರದು. ಕಪ್ಪುಬಿಳುಪು ನೆಗೆಟಿವ್ ಮಟ್ಟಿಗೆ ಇದು ಪಕ್ಕಾ ಸತ್ಯ. ಬೆಳಕು ಹೆಚ್ಚಾದರೆ ನೆಗೆಟಿವ್ ದಪ್ಪಗಾಗುತ್ತದೆ, ಪ್ರಿಂಟ್ ಹಾಕುವಾಗ ಹೆಚ್ಚು ಹೊತ್ತು ಕೊಟ್ಟು ಬಿಡಿಸಿಕೊಳ್ಳಬಹುದು. ನೆರಳಿನಲ್ಲಿ ಏನೂ ದಾಖಲಾಗದಿದ್ದರೆ ಯಾವ ಡೆವಲಪರ್, ಯಾವ ಕಾಗದವೂ ಅದನ್ನು ಹುಟ್ಟಿಸಲಾರದು.

1993ರಲ್ಲಿ ಚುನಾವಣಾ ಆಯೋಗ ಮತದಾರರಿಗೆ ಫೋಟೊ ಇರುವ ಗುರುತಿನ ಚೀಟಿ ಕೊಡಬೇಕೆಂದು ಆದೇಶಿಸಿದ ಮೇಲೆ ಹಳ್ಳಿ ಹಳ್ಳಿಯ ಪ್ರತಿ ವಯಸ್ಕನೂ ಕ್ಯಾಮೆರಾದ ಮುಂದೆ ಕೂರಬೇಕಾಯಿತು. ಬಿಸಿಲಲ್ಲಿ ದುಡಿದ ಮುಖ, ಹಿಂದೆ ಬಿಳಿ ಬಟ್ಟೆ. ಕ್ಯಾಮೆರಾದ ಮೀಟರ್ ಬಟ್ಟೆಯನ್ನು ನೋಡಿ ‘ಬೆಳಕು ಜಾಸ್ತಿ’ ಎಂದು ತೀರ್ಮಾನಿಸಿದರೆ ಕಡಿಮೆ ಮಾಡುತ್ತದೆ, ಮುಖ ಕಪ್ಪಾಗುತ್ತದೆ. ಚೀಟಿಯಲ್ಲಿ ತನ್ನ ಗುರುತು ತನಗೇ ಸಿಗಲಿಲ್ಲ ಎಂಬ ತಮಾಷೆ ನಾಡಿನ ಎಲ್ಲ ಕಟ್ಟೆಗಳಲ್ಲೂ ಓಡಾಡಿದೆ. ಅದರಲ್ಲಿ ಫೋಟೊಗ್ರಾಫರನ ಅವಸರದಷ್ಟೇ ಮೀಟರಿನ ಪೆದ್ದುತನವೂ ಇತ್ತು. ಮೀಟರಿಗೆ ಮುಖ ಯಾವುದು, ಗೋಡೆ ಯಾವುದು ಎಂದು ಗೊತ್ತಿಲ್ಲ. ಎದುರಿಗಿರುವುದೆಲ್ಲ ಸರಾಸರಿ ಬೂದು ಬಣ್ಣದ್ದು ಎಂಬುದೊಂದೇ ಅದರ ನಂಬಿಕೆ.

ಕಲರ್ ರೀಲು ಮತ್ತು ಯಂತ್ರದ ಲ್ಯಾಬುಗಳು ಬಂದ ಕಾಲವನ್ನು ಎಲ್ಲರೂ ಪ್ರಗತಿ ಎನ್ನುತ್ತಾರೆ. ಕಲಿಯುವವರ ಮಟ್ಟಿಗೆ ಅದು ಕೆಟ್ಟ ಕಾಲವೇ. ಓವರ್ ಆಗಿದ್ದರೂ ಅಂಡರ್ ಆಗಿದ್ದರೂ ಪ್ರಿಂಟಿಂಗ್ ಯಂತ್ರ ತಾನೇ ಸಮಮಾಡಿ ಕೊಡುತ್ತಿತ್ತು. ಮೂವತ್ತಾರು ಚಿತ್ರಗಳ ಕಟ್ಟು ಕೈಗೆ ಬಂದಾಗ ಎಲ್ಲವೂ ಹದವಾಗಿಯೇ ಕಾಣುತ್ತಿದ್ದವು. ತಪ್ಪು ಎಲ್ಲಿ ಅಡಗಿದೆ ಎಂದು ತಿಳಿಯಲು ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡಬೇಕಿತ್ತು. ಎಷ್ಟು ಜನ ನೋಡಿದರು? ಸ್ಲೈಡ್ ಫಿಲ್ಮು ಬಳಸಿದ ಕೆಲವರಷ್ಟೇ ಪೆಟ್ಟು ತಿಂದು ಕಲಿತರು. ಸ್ಲೈಡಿಗೆ ಅರ್ಧ ಸ್ಟಾಪ್ ಹೆಚ್ಚುಕಡಿಮೆಯಾದರೂ ಕ್ಷಮೆಯಿಲ್ಲ.

ಡಿಜಿಟಲ್ ಕ್ಯಾಮೆರಾ ಉತ್ತರವನ್ನು ಅರೆಕ್ಷಣಕ್ಕೆ ತಂದಿಟ್ಟಿತು. ಹಿಂಬದಿಯ ಪರದೆಯಲ್ಲಿ ಚಿತ್ರ, ಅದರ ಪಕ್ಕದಲ್ಲಿ ಹಿಸ್ಟೋಗ್ರಾಮ್ ಎಂಬ ಗುಡ್ಡದ ಗೆರೆ. ಗುಡ್ಡ ಬಲಗೋಡೆಗೆ ಒತ್ತಿಕೊಂಡಿದ್ದರೆ ಬೆಳಕು ಸುಟ್ಟುಹೋಗಿದೆ, ಎಡಗೋಡೆಗಾದರೆ ನೆರಳು ಮುಚ್ಚಿಹೋಗಿದೆ. ಆದರೆ ಇದರೊಂದಿಗೆ ‘ಸ್ವಲ್ಪ ಓವರ್ ಕೊಡು’ ಎಂಬ ಸ್ಟುಡಿಯೊದವರ ಹಳೆಯ ಮಾತು ತಿರುವುಮುರುವಾಯಿತು. ಸೆನ್ಸರಿನಲ್ಲಿ ಸುಟ್ಟ ಆಕಾಶ ಮರಳಿ ಬರುವುದಿಲ್ಲ. ಅಲ್ಲಿ ಏನೂ ಉಳಿದಿರುವುದಿಲ್ಲ. ನೆರಳನ್ನು ಮಾತ್ರ ಕಂಪ್ಯೂಟರಿನಲ್ಲಿ ಸಾಕಷ್ಟು ಎತ್ತಬಹುದು, ಸ್ವಲ್ಪ ಕಾಳುಕಾಳಾಗಿ ಕಾಣುತ್ತದೆ ಅಷ್ಟೆ. ಫಿಲ್ಮಿನ ಕಾಲದಲ್ಲಿ ಕೈ ಪಳಗಿಸಿಕೊಂಡವರು ಡಿಜಿಟಲ್‌ಗೆ ಬಂದಾಗ ಮೊದಲು ಮರೆಯಬೇಕಾಗಿ ಬಂದದ್ದು ತಮಗೆ ಚೆನ್ನಾಗಿ ಗೊತ್ತಿದ್ದ ಪಾಠವನ್ನೇ. ಈಗಿನ ಫೋನುಗಳು ಒಂದೇ ಒತ್ತಿಗೆ ಹಲವು ಎಕ್ಸ್‌ಪೋಶರ್ ತೆಗೆದು ಹೊಂದಿಸಿ ಕೊಡುವುದರಿಂದ ತೋಟದೊಳಗಿನ ಮುಖವೂ ಆಕಾಶವೂ ಒಟ್ಟಿಗೆ ಬರುತ್ತವೆ. ಲ್ಯಾಬಿನ ಯಂತ್ರದಂತೆ ಇದೂ ಲೆಕ್ಕವನ್ನು ಮರೆಮಾಡುತ್ತದೆ.

ಲೆಕ್ಕ ಕಲಿಯಲೇಬೇಕೆಂದಿರುವವರಿಗೆ ಈ ಸೀಮೆಯಲ್ಲೇ ಬೇಕಾದಷ್ಟು ಅಭ್ಯಾಸವಿದೆ. ತಿಪಟೂರಿನ ಮಾರುಕಟ್ಟೆಯಲ್ಲಿ ಸಿಪ್ಪೆ ಚಿಪ್ಪು ತೆಗೆದ ಉಂಡೆ ಕೊಬ್ಬರಿಯ ರಾಶಿ ಕಂದು ಬಣ್ಣದ್ದು, ಮೀಟರ್ ನಿರೀಕ್ಷಿಸುವ ಮಧ್ಯಮ ಛಾಯೆಗೆ ಹತ್ತಿರ. ಅದರ ಮೇಲೆ ಅಳತೆ ತೆಗೆದುಕೊಂಡರೆ ದೊಡ್ಡ ತಪ್ಪಾಗುವುದಿಲ್ಲ. ಅದೇ ರಾಶಿಯ ಮುಂದೆ ನಿಂತ ರೈತರ ಬಿಳಿ ಪಂಚೆ, ಬಿಳಿ ಅಂಗಿಯ ಮೇಲೆ ಅಳೆದರೆ ಕೊಬ್ಬರಿ ಕಪ್ಪಾಗುತ್ತದೆ. ಆಗ ಒಂದರಿಂದ ಒಂದೂವರೆ ಸ್ಟಾಪ್ ಹೆಚ್ಚಿಸಬೇಕು. ವಿಘ್ನಸಂತೆಯ ಕಪ್ಪುಕಲ್ಲಿನ ಮುಂದೆ ಇದರ ತದ್ವಿರುದ್ಧ. ಮೀಟರ್ ಕಲ್ಲನ್ನು ಬೂದು ಮಾಡಲು ಹೊರಡುತ್ತದೆ, ಒಂದು ಸ್ಟಾಪ್ ಇಳಿಸಿದರೆ ಕಲ್ಲು ಕಲ್ಲಿನಂತೆ ಬರುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಹೋದರೆ ಓರೆ ಬಿಸಿಲು ಗೋಡೆಯ ಮೇಲೆ ಬಿದ್ದು ಉಳಿಗೆರೆಗಳು ಎದ್ದು ಕಾಣುತ್ತವೆ. ಹನ್ನೆರಡಕ್ಕೆ ಹೋದರೆ ಗುಡಿಯ ಒಳಗೆ ಕೂತು ಮುಕ್ಕಾಲಿಯ ಮೇಲೆ ಉದ್ದನೆಯ ಎಕ್ಸ್‌ಪೋಶರ್ ಪ್ರಯತ್ನಿಸುವುದು ಮೇಲು, ಪೂಜೆಯ ಹೊತ್ತಲ್ಲದಿದ್ದರೆ ಮತ್ತು ಅರ್ಚಕರು ಒಪ್ಪಿದರೆ.